ಕೋಮಾದಿಂದ ಎದ್ದು ಸೂಟು ತೊಟ್ಟು ಹೊರಟ ಕೂಪರ್: ಅಭಿಮಾನಿಗಳು ಕುಣಿದಾಡಿದ್ದೇಕೆ? ನಿಜ ಜೀವನದಲ್ಲಿ ಹೀಗಾಗುತ್ತದೆಯೇ?

ಆಸ್ಪತ್ರೆಯ ಹಾಸಿಗೆ. ಕರೆಂಟ್ ಶಾಕ್ ಹೊಡೆದು ಕೋಮಾಕ್ಕೆ ಜಾರಿದ ವ್ಯಕ್ತಿ. ಅವನು ಒಮ್ಮೆಲೇ ಕಣ್ಣು ಬಿಟ್ಟು ಎದ್ದು ಕೂರುತ್ತಾನೆ. ಕಳೆದುಹೋಗಿದ್ದ ನೆನಪು, ಮಾತು, ಚುರುಕುತನ ಎಲ್ಲವೂ ಒಂದೇ ಕ್ಷಣದಲ್ಲಿ ವಾಪಸ್. ಕೈಗೆ ಚುಚ್ಚಿದ್ದ ನಳಿಗೆ ಕಿತ್ತು, ಸೂಟು ತೊಟ್ಟು, ಸ್ವತಃ ಕಾರು ಓಡಿಸಿಕೊಂಡು ಹೊರಟೇಬಿಡುತ್ತಾನೆ.

ಇದು ‘ಟ್ವಿನ್ ಪೀಕ್ಸ್: ದ ರಿಟರ್ನ್’ ಎಂಬ ಅಮೆರಿಕದ ಟಿವಿ ಸರಣಿಯ 16ನೇ ಕಂತಿನ ದೃಶ್ಯ. 2017ರ ಆಗಸ್ಟ್ 27ರಂದು ಇದು ಪ್ರಸಾರವಾದಾಗ ಅಭಿಮಾನಿಗಳು ಸೋಫಾದಿಂದ ಎದ್ದು ಕೂಗಿದರು, ಅತ್ತರು, ಚಪ್ಪಾಳೆ ತಟ್ಟಿದರು. ಇಡೀ ಸರಣಿಯಲ್ಲಿ ಅತಿ ಹೆಚ್ಚು ಸಂತೋಷ ಕೊಟ್ಟ ಗಳಿಗೆ ಯಾವುದು ಎಂದು ಕೇಳಿದರೆ ಇಂದಿಗೂ ಬಹಳಷ್ಟು ಮಂದಿ ಇದನ್ನೇ ಹೇಳುತ್ತಾರೆ.

ನಮ್ಮ ಸಿನಿಮಾ, ಧಾರಾವಾಹಿಗಳಲ್ಲೂ ಇಂಥದ್ದು ಹೊಸದೇನಲ್ಲ. ತಲೆಗೆ ಏಟು ಬಿದ್ದು ಮರೆತವನಿಗೆ ಇನ್ನೊಂದು ಏಟು ಬಿದ್ದರೆ ನೆನಪು ಬರುತ್ತದೆ. ವರ್ಷಗಟ್ಟಲೆ ಕೋಮಾದಲ್ಲಿದ್ದ ನಾಯಕ ತಾಯಿಯ ಕಣ್ಣೀರು ಕೈಮೇಲೆ ಬಿದ್ದೊಡನೆ ಏಳುತ್ತಾನೆ. ಇವನ್ನು ನೋಡಿ ನೋಡಿ ಮನಸ್ಸಿನಲ್ಲಿ ಕೆಲವು ನಂಬಿಕೆಗಳು ಬೇರೂರಿವೆ. ಐಸಿಯು ಬಾಗಿಲಲ್ಲಿ ಕಾಯುವ ಕುಟುಂಬಕ್ಕೆ ಈ ನಂಬಿಕೆಗಳು ಕೆಲವೊಮ್ಮೆ ದುಬಾರಿಯಾಗುತ್ತವೆ.

ಆದ್ದರಿಂದ ಈ ಲೇಖನದಲ್ಲಿ ನಾವು ಮೂರು ಪ್ರಶ್ನೆಗಳನ್ನು ನೋಡೋಣ. ಆ ಕಂತು ಜನರನ್ನು ಅಷ್ಟೊಂದು ಕಲಕಿದ್ದೇಕೆ? ಶಾಕ್ ಹೊಡೆದರೆ ಮೆದುಳು ಸರಿಹೋಗುತ್ತದೆಯೇ? ಕೋಮಾದಿಂದ ಮನುಷ್ಯ ನಿಜಕ್ಕೂ ಹೇಗೆ ಏಳುತ್ತಾನೆ?

ಮೊದಲು ಕಥೆ ಏನೆಂದು ತಿಳಿಯೋಣ

‘ಟ್ವಿನ್ ಪೀಕ್ಸ್’ ಶುರುವಾದದ್ದು 1990ರ ಏಪ್ರಿಲ್ 8ರಂದು, ಅಮೆರಿಕದ ಎಬಿಸಿ ವಾಹಿನಿಯಲ್ಲಿ. ಸೃಷ್ಟಿಕರ್ತರು ನಿರ್ದೇಶಕ ಡೇವಿಡ್ ಲಿಂಚ್ ಮತ್ತು ಬರಹಗಾರ ಮಾರ್ಕ್ ಫ್ರಾಸ್ಟ್. ಕಾಡಿನ ನಡುವಿನ ಪುಟ್ಟ ಊರು, ಅಲ್ಲಿ ಲಾರಾ ಪಾಮರ್ ಎಂಬ ಹುಡುಗಿಯ ಕೊಲೆ, ತನಿಖೆಗೆ ಬರುವ ಎಫ್‌ಬಿಐ ಅಧಿಕಾರಿ ಡೇಲ್ ಕೂಪರ್. ಕಾಫಿ ಮತ್ತು ಚೆರ್ರಿ ಪೈ ಎಂದರೆ ಪ್ರಾಣ ಬಿಡುವ, ಸದಾ ಹಸನ್ಮುಖಿ, ಕನಸುಗಳನ್ನೂ ಸಾಕ್ಷ್ಯವೆಂದು ಪರಿಗಣಿಸುವ ವಿಚಿತ್ರ ಪತ್ತೇದಾರ ಈ ಕೂಪರ್. ಪಾತ್ರ ಮಾಡಿದವರು ಕೈಲ್ ಮೆಕ್ಲಾಕ್ಲನ್.

30 ಕಂತುಗಳ ನಂತರ, 1991ರ ಜೂನ್ 10ರಂದು ಸರಣಿ ನಿಂತುಹೋಯಿತು. ನಿಂತದ್ದೂ ಎಂಥ ಜಾಗದಲ್ಲಿ! ಒಳ್ಳೆಯ ಕೂಪರ್ ಬೇರೊಂದು ಲೋಕದಲ್ಲಿ ಸಿಕ್ಕಿಬಿದ್ದ; ಅವನದೇ ರೂಪದ ದುಷ್ಟ ಹೊರಗೆ ಬಂದ. ಅದೇ ಕೊನೆಯ ಕಂತಿನಲ್ಲಿ ಲಾರಾ, 25 ವರ್ಷಗಳ ನಂತರ ಮತ್ತೆ ಸಿಗುತ್ತೇನೆ ಎಂಬ ಅರ್ಥದ ಮಾತು ಆಡಿದ್ದಳು. 1992ರಲ್ಲಿ ಒಂದು ಸಿನಿಮಾ ಬಂದರೂ ಅದು ಹಿಂದಿನ ಕಥೆ ಹೇಳಿತೇ ಹೊರತು ಕೂಪರ್‌ನನ್ನು ಬಿಡಿಸಲಿಲ್ಲ.

2017ರ ಮೇ 21ರಂದು ಶೋಟೈಮ್ ವಾಹಿನಿಯಲ್ಲಿ ಸರಣಿ ಮರಳಿತು. ಒಟ್ಟು 18 ಕಂತು. ಎಲ್ಲವನ್ನೂ ನಿರ್ದೇಶಿಸಿದವರು ಲಿಂಚ್ ಒಬ್ಬರೇ. ಹಳೆಯ ನಟನಟಿಯರು ಬಿಳಿಕೂದಲಿನೊಂದಿಗೆ ಮತ್ತೆ ಬಂದರು. ಆದರೆ ಅಭಿಮಾನಿಗಳು ಯಾರಿಗಾಗಿ ಕಾದಿದ್ದರೋ ಅವನು ಮಾತ್ರ ಸಿಗಲಿಲ್ಲ.

3ನೇ ಕಂತಿನಲ್ಲಿ ಕೂಪರ್ ಆ ಲೋಕದಿಂದ ಹೊರಬೀಳುತ್ತಾನೆ, ಅದೂ ಗೋಡೆಯ ವಿದ್ಯುತ್ ಸಾಕೆಟ್ ಮೂಲಕ. ಲಾಸ್ ವೇಗಸ್‌ನ ಡಗಿ ಜೋನ್ಸ್ ಎಂಬ ಇನ್ಶೂರೆನ್ಸ್ ನೌಕರನ ಜಾಗದಲ್ಲಿ ಬಂದು ನಿಲ್ಲುತ್ತಾನೆ. ದೇಹ ಅವನದೇ, ಒಳಗೆ ಮಾತ್ರ ಖಾಲಿ. ಎದುರಿಗಿದ್ದವರು ಆಡಿದ ಕೊನೆಯ ಪದವನ್ನು ತಿರುಗಿ ಉಚ್ಚರಿಸುತ್ತಾನೆ. ಕಾಫಿ ಕಂಡರೆ ಮುಖ ಅರಳುತ್ತದೆ. ಅಷ್ಟೇ. ವಾರದ ಮೇಲೆ ವಾರ, ಹದಿಮೂರು ಕಂತುಗಳ ಕಾಲ ಹೀಗೇ ನಡೆಯಿತು. ಕೆಲವರು ಡಗಿಯನ್ನೇ ಪ್ರೀತಿಸತೊಡಗಿದರು. ಹಲವರು ತಾಳ್ಮೆ ಕಳೆದುಕೊಂಡರು.

15ನೇ ಕಂತಿನಲ್ಲಿ ಅವನು ಊಟದ ಮೇಜಿನಲ್ಲಿ ಕೇಕ್ ತಿನ್ನುತ್ತಿರುತ್ತಾನೆ. ಟಿವಿಯಲ್ಲಿ 1950ರ ‘ಸನ್‌ಸೆಟ್ ಬುಲೆವಾರ್ಡ್’ ಚಿತ್ರ ಓಡುತ್ತಿರುತ್ತದೆ. ಅದರಲ್ಲಿ ‘ಗಾರ್ಡನ್ ಕೋಲ್’ ಎಂಬ ಹೆಸರು ಕೇಳಿಬರುತ್ತದೆ. ಅದು ಕೂಪರ್‌ನ ಮೇಲಧಿಕಾರಿಯ ಹೆಸರೂ ಹೌದು; ಲಿಂಚ್ ಆ ಹೆಸರನ್ನು ಆರಿಸಿಕೊಂಡಿದ್ದೇ ಈ ಹಳೆಯ ಚಿತ್ರದಿಂದ, ಆ ಪಾತ್ರ ಮಾಡಿದವರೂ ಸ್ವತಃ ಲಿಂಚ್. ಹೆಸರು ಕೇಳಿದವನೇ ನೆಲದ ಮೇಲೆ ತೆವಳಿಕೊಂಡು ಹೋಗಿ ಕೈಲಿದ್ದ ಫೋರ್ಕನ್ನು ಸಾಕೆಟ್‌ಗೆ ತೂರಿಸುತ್ತಾನೆ. ಕಿಡಿ, ಕತ್ತಲೆ. ಮುಂದಿನ ವಾರ ಆಸ್ಪತ್ರೆ, ಕೋಮಾ, ಮತ್ತು ನಾವು ಮೊದಲು ಹೇಳಿದ ಆ ಎಚ್ಚರ.

ಅಭಿಮಾನಿಗಳು ಕಾಲ್ಪನಿಕ ವ್ಯಕ್ತಿಗಾಗಿ ಅತ್ತದ್ದೇಕೆ?

ಟಿವಿಯಲ್ಲಿ ಕಾಣುವ ವ್ಯಕ್ತಿಯ ಜೊತೆ ನೋಡುಗರಿಗೆ ಬೆಳೆಯುವ ಒಮ್ಮುಖ ಸ್ನೇಹದ ಬಗ್ಗೆ 1956ರಲ್ಲೇ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಸಂಶೋಧಕರು ಬರೆದಿದ್ದರು. ಆ ವ್ಯಕ್ತಿಗೆ ನಾವು ಯಾರೆಂದೇ ಗೊತ್ತಿರುವುದಿಲ್ಲ. ಆದರೆ ವಾರಾವಾರ ನಮ್ಮ ನಡುಮನೆಗೆ ಬರುವ ಮುಖ, ದನಿ, ನಗು ಮೆದುಳಿಗೆ ಪರಿಚಯಸ್ಥರ ಪಟ್ಟಿಗೆ ಸೇರಿಹೋಗುತ್ತವೆ. ಮೆಚ್ಚಿನ ಧಾರಾವಾಹಿಯ ಪಾತ್ರ ಸತ್ತಾಗ ಮನೆಯ ಹಿರಿಯರು ಸೆರಗಿನಿಂದ ಕಣ್ಣೊರೆಸಿಕೊಳ್ಳುವುದೂ ಇದೇ ಕಾರಣಕ್ಕೆ. ಅದು ದಡ್ಡತನವಲ್ಲ, ಮೆದುಳು ಕೆಲಸ ಮಾಡುವ ರೀತಿ.

ಎರಡನೆಯ ಕಾರಣ ಕಾಯುವಿಕೆ. ಕಥೆ ನೋಡುವಾಗ ಒಳಗೆ ಕಟ್ಟಿಕೊಂಡ ಆತಂಕ, ಕಿರಿಕಿರಿ, ಚಡಪಡಿಕೆಗಳು ಕಥೆ ಬಯಸಿದ ಕಡೆ ತಿರುಗಿದಾಗ ತಟ್ಟನೆ ಮಾಯವಾಗುವುದಿಲ್ಲ. ಉಳಿದುಕೊಂಡ ಆ ಉದ್ವೇಗವೇ ಸಂತೋಷಕ್ಕೆ ಸೇರಿ ಅದನ್ನು ಹಿಗ್ಗಿಸುತ್ತದೆ ಎಂದು ಮನೋವಿಜ್ಞಾನಿ ಡಾಲ್ಫ್ ಜಿಲ್‌ಮನ್ ವಿವರಿಸಿದ್ದರು. ಕೊನೆಯ ಓವರ್‌ವರೆಗೆ ಎಳೆದ ಪಂದ್ಯ ಗೆದ್ದರೆ ಆಗುವ ಖುಷಿ, ಸುಲಭವಾಗಿ ಗೆದ್ದ ಪಂದ್ಯದಲ್ಲಿ ಆಗುವುದಿಲ್ಲವಲ್ಲ, ಹಾಗೆ. ಲಿಂಚ್ ಹದಿಮೂರು ಕಂತು ಸತಾಯಿಸಿದ್ದರಿಂದಲೇ 16ನೇ ಕಂತು ಅಷ್ಟು ಸಿಹಿಯಾಯಿತು.

ಮೂರನೆಯದು ಸಂಗೀತ. ಕೂಪರ್ ಎದ್ದು ಹೊರಡುವಾಗ ಅಂಜೆಲೊ ಬಡಲಮೆಂಟಿ ಮಾಡಿದ ಸರಣಿಯ ಮೂಲ ಸಂಗೀತ ಮೊಳಗುತ್ತದೆ. ಹಳೆಯ ಹಾಡು ಕೇಳಿದರೆ ಆ ಕಾಲದ ವಯಸ್ಸು, ಮನೆ, ಜೊತೆಗಿದ್ದವರು ಎಲ್ಲ ನೆನಪಿಗೆ ಬರುತ್ತಾರೆ. ಇಪ್ಪತ್ತರ ಹರೆಯದಲ್ಲಿ ಮೊದಲ ಸಲ ಸರಣಿ ನೋಡಿದ್ದವರು 2017ರಲ್ಲಿ ಐವತ್ತರ ಹತ್ತಿರವಿದ್ದರು.

ನಾಲ್ಕನೆಯ ಕಾರಣ ಹೆಚ್ಚು ಗಂಭೀರ. ಮರಳಿ ಬಂದ ಸರಣಿಯ ತುಂಬ ನಿಜವಾದ ಸಾವು ಇತ್ತು. ಮರದ ತುಂಡನ್ನು ಮಗುವಿನಂತೆ ಎತ್ತಿಕೊಂಡು ತಿರುಗುವ ‘ಲಾಗ್ ಲೇಡಿ’ ಮಾರ್ಗರೆಟ್ ಪಾತ್ರದ ಕ್ಯಾಥರೀನ್ ಕೋಲ್ಸನ್ ಕ್ಯಾನ್ಸರ್‌ನಿಂದ 2015ರ ಸೆಪ್ಟೆಂಬರ್ 28ರಂದು ತೀರಿಕೊಂಡಿದ್ದರು. ಅದಕ್ಕೆ ಸ್ವಲ್ಪ ಮೊದಲಷ್ಟೇ ತಮ್ಮ ಭಾಗದ ಚಿತ್ರೀಕರಣ ಮುಗಿಸಿದ್ದರು. 15ನೇ ಕಂತಿನಲ್ಲಿ ಆ ಪಾತ್ರ ಫೋನಿನಲ್ಲಿ ವಿದಾಯ ಹೇಳುತ್ತದೆ, ತಾನು ಸಾಯುತ್ತಿದ್ದೇನೆ ಎಂದು ಹೇಳಿಯೇ ಹೇಳುತ್ತದೆ. ಅಧಿಕಾರಿ ಆಲ್ಬರ್ಟ್ ಪಾತ್ರದ ಮಿಗೆಲ್ ಫೆರರ್ ಪ್ರಸಾರಕ್ಕೆ ನಾಲ್ಕು ತಿಂಗಳು ಮೊದಲು, 2017ರ ಜನವರಿಯಲ್ಲಿ ನಿಧನರಾಗಿದ್ದರು. ಒಂದು ವಾರ ಹೀಗೆ ಒಬ್ಬರನ್ನು ಕಳಿಸಿಕೊಟ್ಟು ಕುಳಿತ ನೋಡುಗರಿಗೆ ಮುಂದಿನ ವಾರ ಒಬ್ಬ ಹಾಸಿಗೆಯಿಂದ ಎದ್ದು ನಿಂತ. ಹೋದವರು ಬರುವುದಿಲ್ಲ ಎಂಬ ನೋವಿಗೆ, ಇವನಾದರೂ ಬಂದನಲ್ಲ ಎಂಬ ಸಮಾಧಾನ ಸಿಕ್ಕಿತು.

ಆ ಸಮಾಧಾನ ನಿಜ. ಅದಕ್ಕೆ ಆಧಾರವಾದ ವೈದ್ಯಕೀಯ ಚಿತ್ರ ಮಾತ್ರ ನಿಜವಲ್ಲ.

ನಂಬಿಕೆ 1: ಶಾಕ್ ಹೊಡೆದರೆ ಮೆದುಳು ‘ರೀಸ್ಟಾರ್ಟ್’ ಆಗುತ್ತದೆ

ಸುಳ್ಳು, ಮತ್ತು ಅಪಾಯಕಾರಿ.

ಹ್ಯಾಂಗ್ ಆದ ಮೊಬೈಲನ್ನು ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ. ಮೆದುಳೂ ವಿದ್ಯುತ್ ಸಂಕೇತಗಳಿಂದಲೇ ನಡೆಯುವುದರಿಂದ ಅದಕ್ಕೂ ಹಾಗೆ ಮಾಡಬಹುದು ಎಂದು ಅನಿಸುವುದು ಸಹಜ. ಆದರೆ ಮೆದುಳಿನ ಸಂಕೇತಗಳು ಮಿಲಿವೋಲ್ಟ್‌ಗಳಲ್ಲಿ ಅಳೆಯುವಷ್ಟು ಸಣ್ಣವು. ನಮ್ಮ ಮನೆಯ ಸಾಕೆಟ್‌ನಲ್ಲಿರುವುದು 230 ವೋಲ್ಟ್. ಕೂಪರ್ ಇರುವ ಅಮೆರಿಕದಲ್ಲಿ ಸುಮಾರು 120 ವೋಲ್ಟ್.

ಅಪಾಯವನ್ನು ನಿರ್ಧರಿಸುವುದು ದೇಹದ ಮೂಲಕ ಹರಿಯುವ ಕರೆಂಟಿನ ಪ್ರಮಾಣ. ಅದನ್ನು ಮಿಲಿಆಂಪಿಯರ್‌ನಲ್ಲಿ ಅಳೆಯುತ್ತಾರೆ:

• ಸುಮಾರು 1 ಮಿಲಿಆಂಪಿಯರ್: ಚುಮುಚುಮು ಎನಿಸುತ್ತದೆ.
• 10ರಿಂದ 20: ಕೈಯ ಸ್ನಾಯುಗಳು ಬಿಗಿದು, ಹಿಡಿದದ್ದನ್ನು ಬಿಡಲಾಗುವುದಿಲ್ಲ. ‘ಕರೆಂಟು ಎಳೆದುಕೊಂಡಿತು’ ಎನ್ನುವುದು ಇದನ್ನೇ.
• ಸುಮಾರು 100: ಹೃದಯದ ಬಡಿತ ಲಯ ತಪ್ಪಿ ಅದು ಬರೀ ಅದುರತೊಡಗಬಹುದು. ನಿಮಿಷಗಳಲ್ಲಿ ಸಾವು.

ಈಗ ಸಣ್ಣ ಲೆಕ್ಕ. ಒದ್ದೆ ಚರ್ಮವಿದ್ದಾಗ ದೇಹದ ವಿದ್ಯುತ್ ತಡೆ 1,000 ಓಮ್‌ವರೆಗೂ ಇಳಿಯಬಹುದು. 230 ವೋಲ್ಟನ್ನು 1,000ದಿಂದ ಭಾಗಿಸಿದರೆ 230 ಮಿಲಿಆಂಪಿಯರ್. ಹೃದಯ ನಿಲ್ಲಲು ಬೇಕಾದ್ದಕ್ಕಿಂತ ಎರಡು ಪಟ್ಟು. ಚರ್ಮ ತೀರಾ ಒಣಗಿದ್ದರೆ ತಡೆ ಒಂದು ಲಕ್ಷ ಓಮ್‌ವರೆಗೂ ಇದ್ದು, ಬರೀ 2.3 ಮಿಲಿಆಂಪಿಯರ್ ಹರಿಯಬಹುದು. ‘ನನಗೆ ಎಷ್ಟೋ ಸಲ ಶಾಕ್ ಹೊಡೆದಿದೆ, ಏನೂ ಆಗಿಲ್ಲ’ ಎನ್ನುವವರು ಬದುಕಿರುವುದು ಈ ವ್ಯತ್ಯಾಸದಿಂದ. ಬಚ್ಚಲುಮನೆಯಲ್ಲಿ, ಮಳೆಗಾಲದ ಅಂಗಳದಲ್ಲಿ ಈ ಲೆಕ್ಕ ತಿರುಗುಮುರುಗಾಗುತ್ತದೆ.

ಬದುಕುಳಿದವರಲ್ಲೂ ಕೆಲವರಿಗೆ ನಂತರ ಮರೆವು, ಏಕಾಗ್ರತೆಯ ಕೊರತೆ, ಖಿನ್ನತೆ ಕಾಣಿಸಿಕೊಳ್ಳುವುದು ವೈದ್ಯರಿಗೆ ಗೊತ್ತಿರುವ ವಿಚಾರ. ಅಂದರೆ ಶಾಕ್ ನೆನಪನ್ನು ಕಸಿಯಬಹುದೇ ಹೊರತು ಕೊಡುವುದಿಲ್ಲ.

ಹಾಗಾದರೆ ಆಸ್ಪತ್ರೆಯಲ್ಲಿ ‘ಶಾಕ್ ಟ್ರೀಟ್‌ಮೆಂಟ್’ ಕೊಡುವುದೇಕೆ?

ಒಳ್ಳೆಯ ಪ್ರಶ್ನೆ. ಇಸಿಟಿ ಎಂಬ ಈ ಚಿಕಿತ್ಸೆಯನ್ನು 1938ರಲ್ಲಿ ರೋಮ್‌ನಲ್ಲಿ ಉಗೊ ಚೆರ್ಲೆಟ್ಟಿ ಮತ್ತು ಲೂಚಿಯೊ ಬಿನಿ ಮೊದಲು ಬಳಸಿದರು. ಇಂದಿಗೂ ತೀವ್ರ ಖಿನ್ನತೆ, ಆತ್ಮಹತ್ಯೆಯ ಅಪಾಯ, ಕೆಟಟೋನಿಯಾ ಮೊದಲಾದ ಸ್ಥಿತಿಗಳಲ್ಲಿ ಇದು ಪರಿಣಾಮಕಾರಿ. ಬೆಂಗಳೂರಿನ ನಿಮ್ಹಾನ್ಸ್ ಸೇರಿದಂತೆ ದೊಡ್ಡ ಮನೋವೈದ್ಯಕೀಯ ಕೇಂದ್ರಗಳಲ್ಲಿ ಲಭ್ಯವಿದೆ.

ಕೆಟಟೋನಿಯಾದಲ್ಲಿ ರೋಗಿ ಮರಗಟ್ಟಿದಂತೆ ಕೂರಬಹುದು, ಮಾತು ನಿಲ್ಲಿಸಬಹುದು, ಇಲ್ಲವೇ ಎದುರಿನವರ ಪದಗಳನ್ನೇ ತಿರುಗಿ ಹೇಳಬಹುದು. ಡಗಿಯ ವರ್ತನೆ ಇದನ್ನು ನೆನಪಿಸುತ್ತದೆ ನಿಜ. ಆದರೆ ಡಗಿ ಮಾಟದ ಲೋಕದಿಂದ ಬಂದ ಕಾಲ್ಪನಿಕ ಪಾತ್ರ. ಅವನಿಗೆ ರೋಗದ ಹೆಸರು ಹಚ್ಚುವುದರಲ್ಲಿ ಅರ್ಥವಿಲ್ಲ. ನಿಜವಾದ ರೋಗಿಗೆ ವೈದ್ಯರು ಮೊದಲು ಕೊಡುವುದು ಲೊರಾಜೆಪಾಮ್‌ನಂಥ ಔಷಧಿ. ಅದಕ್ಕೆ ಬಗ್ಗದಿದ್ದಾಗ ಇಸಿಟಿ.

ಇಸಿಟಿಗೂ ಗೋಡೆಯ ಸಾಕೆಟ್‌ಗೂ ಇರುವ ದೂರ, ಆಪರೇಷನ್ ಮಾಡುವ ಚಾಕುವಿಗೂ ಮಚ್ಚಿಗೂ ಇರುವಷ್ಟು. ರೋಗಿಗೆ ಅರಿವಳಿಕೆ ಕೊಟ್ಟು, ಸ್ನಾಯು ಸಡಿಲಿಸುವ ಔಷಧಿ ಕೊಟ್ಟು, ಅಳೆದ ಅತಿಸಣ್ಣ ಮಿಡಿತಗಳನ್ನು ಕೆಲವೇ ಸೆಕೆಂಡು ತಲೆಗೆ ಮಾತ್ರ ಹಾಯಿಸುತ್ತಾರೆ. ಅರಿವಳಿಕೆ, ಸ್ನಾಯು ಸಡಿಲಿಸುವ ಔಷಧಿ ಇಲ್ಲದೆ ಇಸಿಟಿ ಕೊಡುವುದನ್ನು ಭಾರತದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ. ಇಸಿಟಿಯ ಒಂದು ಅಡ್ಡಪರಿಣಾಮ ಏನು ಗೊತ್ತೇ? ಚಿಕಿತ್ಸೆಯ ಆಸುಪಾಸಿನ ದಿನಗಳ ಮರೆವು. ನೆನಪು ಮರಳಿಸಲು ಅದನ್ನು ಯಾರೂ ಕೊಡುವುದಿಲ್ಲ.

ನಂಬಿಕೆ 2: ಕಳೆದ ನೆನಪು ಒಂದು ಹೆಸರು ಅಥವಾ ಇನ್ನೊಂದು ಏಟಿನಿಂದ ಒಮ್ಮೆಲೇ ಮರಳುತ್ತದೆ

ಏಟಿನ ವಿಚಾರ ಪೂರ್ತಿ ಸುಳ್ಳು. ಪೆಟ್ಟು ತಿಂದ ಮೆದುಳಿಗೆ ಇನ್ನೊಂದು ಪೆಟ್ಟು ಎಂದರೆ ಹಾನಿ ಇಮ್ಮಡಿ. ಆಟದಲ್ಲಿ ತಲೆಗೆ ಏಟಾದವರನ್ನು ಅದೇ ದಿನ ಮತ್ತೆ ಮೈದಾನಕ್ಕೆ ಇಳಿಸಬಾರದು ಎನ್ನುವುದು ಇದಕ್ಕೇ.

ನೆನಪು ಮರಳುವ ಬಗೆಯೂ ಬೇರೆ. ಅಪಘಾತದ ನಂತರ ಮರೆವಾದರೆ ಸಾಮಾನ್ಯವಾಗಿ ಬಾಲ್ಯದ, ಹಳೆಯ ನೆನಪುಗಳು ಗಟ್ಟಿಯಾಗಿ ಉಳಿದಿರುತ್ತವೆ, ಇತ್ತೀಚಿನವು ಅಳಿಸಿರುತ್ತವೆ. ಫ್ರಾನ್ಸಿನ ಥಿಯೋಡ್ಯೂಲ್ ರಿಬೊ 1881ರಲ್ಲೇ ಇದನ್ನು ಗುರುತಿಸಿದ್ದರು. ವಾರ, ತಿಂಗಳುಗಳಲ್ಲಿ ಮರೆವಿನ ಕಿಟಕಿ ಹಳೆಯ ತುದಿಯಿಂದ ಮೆಲ್ಲಗೆ ಕಿರಿದಾಗುತ್ತಾ ಬರುತ್ತದೆ. ಅಪಘಾತದ ಹಿಂದಿನ ಕೆಲವು ನಿಮಿಷಗಳು ಬಹಳಷ್ಟು ಮಂದಿಗೆ ಯಾವತ್ತೂ ಮರಳುವುದಿಲ್ಲ. ಆ ಗಳಿಗೆಯನ್ನು ಮೆದುಳು ಜೋಪಾನ ಮಾಡಿಯೇ ಇರುವುದಿಲ್ಲ.

ಪರಿಚಿತ ಹೆಸರು, ಹಾಡು, ವಾಸನೆ ಒಂದು ನೆನಪನ್ನು ಕೆದಕಬಲ್ಲವು. ‘ಗಾರ್ಡನ್ ಕೋಲ್’ ಎಂಬ ಹೆಸರಿಗೆ ಅವನು ತಿರುಗಿ ನೋಡುವವರೆಗೂ ದೃಶ್ಯದಲ್ಲಿ ಸತ್ಯಾಂಶವಿದೆ. ಸಾಕೆಟ್ ಕಡೆ ತೆವಳಿದ ಮೇಲೆ ಅದು ಬರೀ ಕಥೆ.

ನಂಬಿಕೆ 3: ಕೋಮಾ ಎಂದರೆ ದೀರ್ಘ ನಿದ್ರೆ, ಎದ್ದರೆ ಎದ್ದಂತೆಯೇ

ಕೋಮಾ ನಿದ್ರೆಯಲ್ಲ. ನಿದ್ರೆಯಲ್ಲಿರುವವರನ್ನು ಎಬ್ಬಿಸಬಹುದು; ಕೋಮಾದಲ್ಲಿರುವವರು ಕೂಗಿದರೂ ಚಿವುಟಿದರೂ ಕಣ್ಣು ಬಿಡುವುದಿಲ್ಲ. ಆಳವನ್ನು ಅಳೆಯಲು ವೈದ್ಯರು 1974ರಲ್ಲಿ ರೂಪಿಸಿದ ಗ್ಲಾಸ್ಗೊ ಕೋಮಾ ಸ್ಕೇಲ್ ಬಳಸುತ್ತಾರೆ. ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಚಲನೆಗೆ 6, ಒಟ್ಟು 15 ಅಂಕ. ಕನಿಷ್ಠ 3. ಸಾಮಾನ್ಯವಾಗಿ 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕೋಮಾ. ಐಸಿಯುನಲ್ಲಿ ‘ಜಿಸಿಎಸ್ ಎಷ್ಟು?’ ಎಂದು ಮಾತಾಡಿಕೊಳ್ಳುವುದು ಇದನ್ನೇ. ಮನೆಯವರೂ ಕೇಳಿ ತಿಳಿದುಕೊಳ್ಳಬಹುದು.

ನಿಜವಾದ ಕೋಮಾ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಿಗಿಂತ ಹೆಚ್ಚು ಉಳಿಯುವುದಿಲ್ಲ. ಅಷ್ಟರಲ್ಲಿ ರೋಗಿ ಚೇತರಿಸಿಕೊಳ್ಳತೊಡಗುತ್ತಾರೆ, ಇಲ್ಲವೇ ತೀರಿಕೊಳ್ಳುತ್ತಾರೆ, ಇಲ್ಲವೇ ಇನ್ನೊಂದು ಸ್ಥಿತಿಗೆ ದಾಟುತ್ತಾರೆ. ಆ ಇನ್ನೊಂದು ಸ್ಥಿತಿಯಲ್ಲಿ ಕಣ್ಣು ತೆರೆದಿರುತ್ತದೆ, ನಿದ್ರೆ–ಎಚ್ಚರದ ಚಕ್ರ ಇರುತ್ತದೆ, ಆದರೆ ಸುತ್ತಲಿನ ಅರಿವು ಕಾಣುವುದಿಲ್ಲ. ಅರಿವು ಮಿಣುಕು ಮಿಣುಕಾಗಿ ಬಂದು ಹೋಗುವ ‘ಕನಿಷ್ಠ ಪ್ರಜ್ಞೆಯ ಸ್ಥಿತಿ’ಯೂ ಉಂಟು. ಪತ್ರಿಕೆಗಳಲ್ಲಿ ‘20 ವರ್ಷ ಕೋಮಾ’ ಎಂದು ಬರುವುದು ಹೆಚ್ಚಾಗಿ ಈ ಸ್ಥಿತಿಗಳು.

ಚೇತರಿಕೆಯೂ ಸ್ವಿಚ್ ಒತ್ತಿದಂತೆ ಆಗುವುದಿಲ್ಲ. ಮೊದಲು ಕಣ್ಣು ತೆರೆಯುತ್ತದೆ, ಆದರೆ ನೋಟ ನಿಲ್ಲುವುದಿಲ್ಲ. ಆಮೇಲೆ ನೋಟ ಜನರನ್ನು ಹಿಂಬಾಲಿಸುತ್ತದೆ. ಆಮೇಲೆ ‘ಕೈ ಒತ್ತಿ’ ಎಂದರೆ ಒತ್ತುತ್ತಾರೆ, ಒಮ್ಮೆ ಒತ್ತಿ ಹತ್ತು ಸಲ ಒತ್ತದಿರಬಹುದು. ಬಳಿಕ ಗೊಂದಲ, ಸಿಟ್ಟು, ಬಡಬಡಿಕೆಯ ದಿನಗಳು. ಸ್ವಂತ ಮಕ್ಕಳನ್ನೇ ಗುರುತಿಸದೆ ಬೈಯಬಹುದು. ಮನೆಯವರು ಹೆದರುವುದು ಈ ಹಂತದಲ್ಲೇ. ಅದು ಹಲವರಲ್ಲಿ ಚೇತರಿಕೆಯ ದಾರಿಯ ಒಂದು ಮೆಟ್ಟಿಲು. ವಾರಗಟ್ಟಲೆ ಮಲಗಿದ ಕಾಲುಗಳು ಸೊರಗಿರುತ್ತವೆ. ಕೂರಲು, ನುಂಗಲು, ನಡೆಯಲು ಫಿಸಿಯೋಥೆರಪಿ ಬೇಕು. ಎದ್ದ ಕೂಡಲೇ ಕಾರು ಓಡಿಸುವ ಮಾತೇ ಇಲ್ಲ.

ವರ್ಷಗಳ ನಂತರ ಯಾರೂ ಎಚ್ಚರಗೊಂಡಿಲ್ಲವೇ?

ಗೊಂಡಿದ್ದಾರೆ, ಅಪರೂಪಕ್ಕೆ. ಅಮೆರಿಕದ ಟೆರಿ ವಾಲಿಸ್ 1984ರಲ್ಲಿ ಅಪಘಾತಕ್ಕೀಡಾಗಿ 19 ವರ್ಷ ಕನಿಷ್ಠ ಪ್ರಜ್ಞೆಯ ಸ್ಥಿತಿಯಲ್ಲಿದ್ದರು. 2003ರಲ್ಲಿ ಮಾತು ಮರಳಿತು. ಮೊದಲ ಪದ ‘ಅಮ್ಮ’. ಅವರ ಮಟ್ಟಿಗೆ ಅದು ಇನ್ನೂ 1984ನೇ ಇಸವಿ, ರೊನಾಲ್ಡ್ ರೇಗನ್ ಇನ್ನೂ ಅಧ್ಯಕ್ಷ. 2006ರಲ್ಲಿ ಪ್ರಕಟವಾದ ಸ್ಕ್ಯಾನ್ ಅಧ್ಯಯನವು ಅವರ ಮೆದುಳಿನ ನರತಂತುಗಳು ವರ್ಷಗಟ್ಟಲೆ ನಿಧಾನವಾಗಿ ಮರುಜೋಡಣೆ ಆಗಿರುವ ಸೂಚನೆ ನೀಡಿತು. ಹೊರಗೆ ಒಂದೇ ದಿನದಲ್ಲಿ ಆದಂತೆ ಕಂಡದ್ದು ಒಳಗೆ ವರ್ಷಗಳ ಕೆಲಸವಾಗಿತ್ತು. ಆದರೂ ಅವರು ಮತ್ತೆ ನಡೆಯಲಿಲ್ಲ, ಹೊಸ ವಿಷಯ ನೆನಪಿಡುವುದು ಕೊನೆಯವರೆಗೂ ಕಷ್ಟವೇ ಆಗಿತ್ತು.

ಇನ್ನೊಂದು ಕಡೆ ನಮಗೆಲ್ಲ ಗೊತ್ತಿರುವ ಅರುಣಾ ಶಾನಭಾಗ್. ಉತ್ತರ ಕನ್ನಡದ ಹಳದೀಪುರದವರು, ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್. 1973ರ ಕ್ರೂರ ಹಲ್ಲೆಯ ನಂತರ 2015ರ ಮೇ 18ರಂದು ಸಾಯುವವರೆಗೆ 42 ವರ್ಷ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಅಲ್ಲಿನ ನರ್ಸ್‌ಗಳು ತಲೆಮಾರಿನಿಂದ ತಲೆಮಾರಿಗೆ ಅವರನ್ನು ನೋಡಿಕೊಂಡರು. ದೇಶದಲ್ಲಿ ಜೀವಾಧಾರ ಚಿಕಿತ್ಸೆ ಹಿಂತೆಗೆಯುವ ಬಗ್ಗೆ 2011ರ ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು ಅವರ ಪ್ರಕರಣದಲ್ಲೇ. ಯಾವ ದನಿಯೂ, ಯಾವ ಹೆಸರೂ ಅವರನ್ನು ಮರಳಿಸಲಿಲ್ಲ. ಪ್ರೀತಿ ಕಡಿಮೆಯಾಗಿ ಹಾಗಾಯಿತೆಂದು ಯಾರಾದರೂ ಹೇಳಲಾದೀತೇ? ಮೆದುಳಿಗೆ ಆದ ಗಾಯದ ತೀವ್ರತೆಯೇ ಫಲಿತಾಂಶವನ್ನು ಬಹುಪಾಲು ನಿರ್ಧರಿಸುತ್ತದೆ. ‘ಮನೆಯವರು ಸರಿಯಾಗಿ ಕರೆದಿದ್ದರೆ ಏಳುತ್ತಿದ್ದರು’ ಎಂಬ ಮಾತು ಕ್ರೌರ್ಯ.

ವಿಜ್ಞಾನ ನಿಜಕ್ಕೂ ಏನು ಮಾಡುತ್ತಿದೆ?

2007ರಲ್ಲಿ ಅಮೆರಿಕದ ವೈದ್ಯರು ಆರು ವರ್ಷಕ್ಕೂ ಹೆಚ್ಚು ಕಾಲ ಕನಿಷ್ಠ ಪ್ರಜ್ಞೆಯ ಸ್ಥಿತಿಯಲ್ಲಿದ್ದ 38 ವರ್ಷದ ವ್ಯಕ್ತಿಯ ಮೆದುಳಿನ ಆಳದಲ್ಲಿರುವ ಥಾಲಮಸ್ ಭಾಗಕ್ಕೆ ಕೂದಲೆಳೆಯಂಥ ತಂತಿ ಇಳಿಸಿ ಅತಿಸಣ್ಣ ವಿದ್ಯುತ್ ಮಿಡಿತ ಕೊಟ್ಟರು. ಆತ ಕೆಲವು ಪದ ಆಡಿದರು, ಅಗಿದು ನುಂಗತೊಡಗಿದರು. ವಿದ್ಯುತ್ತಿನಿಂದ ಎಚ್ಚರ ಎಂಬುದರಲ್ಲಿ ಇಷ್ಟು ಸತ್ಯವಿದೆ. ಆದರೆ ಇದು ಇನ್ನೂ ಸಂಶೋಧನೆಯ ಹಂತದ ಚಿಕಿತ್ಸೆ. 2012ರಲ್ಲಿ 184 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಅಮಾಂಟಡಿನ್ ಎಂಬ ಮಾತ್ರೆ ಅಪಘಾತದ ನಂತರದ ಚೇತರಿಕೆಯ ವೇಗವನ್ನು ಹೆಚ್ಚಿಸಿತು.

ಎಲ್ಲಕ್ಕಿಂತ ಮುಖ್ಯವಾದದ್ದು 2024ರಲ್ಲಿ ಪ್ರಕಟವಾದ ಹಲವು ದೇಶಗಳ ಅಧ್ಯಯನ. ಸೂಚನೆಗೆ ಯಾವ ಪ್ರತಿಕ್ರಿಯೆಯನ್ನೂ ತೋರದ 241 ರೋಗಿಗಳಿಗೆ ‘ಕೈ ಮುಷ್ಟಿ ಮಾಡುವುದನ್ನು ಕಲ್ಪಿಸಿಕೊಳ್ಳಿ’ ಎಂಬಂಥ ಸೂಚನೆ ಕೊಟ್ಟು ಮೆದುಳಿನ ಚಟುವಟಿಕೆ ಅಳೆದರು. 60 ಮಂದಿಯ, ಅಂದರೆ ನಾಲ್ವರಲ್ಲಿ ಒಬ್ಬರ ಮೆದುಳು ಆ ಸೂಚನೆಯನ್ನು ಪಾಲಿಸುತ್ತಿತ್ತು. ದೇಹ ಕದಲದಿದ್ದರೂ ಒಳಗೆ ಯಾರೋ ಕೇಳಿಸಿಕೊಳ್ಳುತ್ತಿದ್ದರು.

ಡಗಿಯ ಕಥೆ ವಿಜ್ಞಾನಕ್ಕೆ ಹತ್ತಿರ ಬರುವುದು ಇಲ್ಲಿ. ಹೊರಗೆ ಖಾಲಿ ಕಂಡವನ ಒಳಗೆ ಕೂಪರ್ ಇದ್ದೇ ಇದ್ದ ಎಂದು ಅಭಿಮಾನಿಗಳು ಪಟ್ಟು ಹಿಡಿದಿದ್ದರು. ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲೂ ಅದೇ ಎಚ್ಚರಿಕೆ ಬೇಕು. ರೋಗಿಯ ಎದುರೇ ‘ಇನ್ನು ಆಸೆಯಿಲ್ಲ’, ‘ಆಸ್ತಿ ಯಾರ ಹೆಸರಿಗೆ’ ಎಂದು ಮಾತಾಡಬೇಡಿ. ಹೆಸರು ಹಿಡಿದು ಕರೆಯಿರಿ, ಇಂದು ಯಾವ ವಾರ, ಮನೆಯಲ್ಲಿ ಏನು ವಿಶೇಷ ಎಂದು ಹೇಳಿ. ಇದರಿಂದ ಪವಾಡವಾಗುತ್ತದೆ ಎಂದಲ್ಲ. ಒಳಗೆ ಕೇಳುವವರಿದ್ದರೆ ಅವರು ಒಂಟಿಯಾಗಬಾರದು ಎಂದು.

ಅಭಿಮಾನಿಗಳ ಖುಷಿ ಎಷ್ಟು ದಿನ ಉಳಿಯಿತು?

ಒಂದೇ ವಾರ. 2017ರ ಸೆಪ್ಟೆಂಬರ್ 3ರಂದು 17 ಮತ್ತು 18ನೇ ಕಂತುಗಳು ಒಟ್ಟಿಗೆ ಬಂದವು. ಮರಳಿ ಬಂದ ಕೂಪರ್ ಲಾರಾಳನ್ನು ಸಾವಿನಿಂದಲೇ ಬಿಡಿಸಲು ಹೊರಟು ಕಾಲದಲ್ಲೇ ದಾರಿ ತಪ್ಪಿದ. ಕೊನೆಯ ದೃಶ್ಯದಲ್ಲಿ ಅವನಿಗೆ ಇದು ಯಾವ ಇಸವಿ ಎಂಬುದೇ ತಿಳಿಯದು. ಒಂದು ಚೀತ್ಕಾರ, ದೀಪಗಳು ಆರುತ್ತವೆ, ಮುಗಿಯಿತು. ಕೆಲವರು ಸಿಟ್ಟಾದರು, ಕೆಲವರು ಅದನ್ನೇ ಟಿವಿಯ ಶ್ರೇಷ್ಠ ಅಂತ್ಯವೆಂದರು. ಎರಡೂ ಕಂತುಗಳನ್ನು ಅಕ್ಕಪಕ್ಕದ ಪರದೆಯಲ್ಲಿ ಒಟ್ಟಿಗೆ ಓಡಿಸಿದರೆ ಗುಟ್ಟು ಸಿಗುತ್ತದೆ ಎಂಬ ವಾದವೂ ಹುಟ್ಟಿತು. ಒಂದು ಗಂಟೆಯ ಎರಡು ವಿಡಿಯೋಗಳನ್ನು ಒಟ್ಟಿಗಿಟ್ಟರೆ ಅಲ್ಲಲ್ಲಿ ಹೊಂದಾಣಿಕೆ ಕಾಣುವುದು ಸಹಜ. ಹೊಂದಿದ್ದನ್ನು ಎಣಿಸುತ್ತೇವೆ, ಹೊಂದದ್ದನ್ನು ಮರೆಯುತ್ತೇವೆ. ಲಿಂಚ್ ಯಾವುದಕ್ಕೂ ವಿವರಣೆ ಕೊಡಲಿಲ್ಲ. 2025ರ ಜನವರಿಯಲ್ಲಿ ಅವರು ತೀರಿಕೊಂಡರು.

ಎಚ್ಚರವಾದವನಿಗೆ ಲೋಕ ಹಿಂದಿನಂತಿಲ್ಲ ಎಂಬ ಈ ಅಂತ್ಯ, 16ನೇ ಕಂತಿನ ಸಂಭ್ರಮಕ್ಕಿಂತ ವೈದ್ಯಕೀಯ ವಾಸ್ತವಕ್ಕೆ ಹತ್ತಿರವಿದೆ.

ಶಾಕ್ ಹೊಡೆದವರನ್ನು ಕಂಡರೆ ಹೀಗೆ ಮಾಡಿ

• ಮುಟ್ಟಬೇಡಿ. ಮೊದಲು ಮೇನ್ ಸ್ವಿಚ್ ಆರಿಸಿ.
• ಆರಿಸಲಾಗದಿದ್ದರೆ, ಮನೆಯ ವಿದ್ಯುತ್ ಆಗಿದ್ದಲ್ಲಿ ಮಾತ್ರ, ಒಣ ಮರದ ಕೋಲಿನಿಂದ ತಂತಿ ಬಿಡಿಸಿ. ಬೀದಿಯ ಹೈಟೆನ್ಷನ್ ತಂತಿಯ ಹತ್ತಿರ ಹೋಗಲೇಬೇಡಿ.
• 108 ಅಥವಾ 112ಕ್ಕೆ ಕರೆ ಮಾಡಿ.
• ಉಸಿರಾಟ ಇಲ್ಲದಿದ್ದರೆ ಎದೆಯ ಮಧ್ಯೆ ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಿ.
• ಎದ್ದು ಕೂತು ‘ಏನೂ ಆಗಿಲ್ಲ’ ಎಂದರೂ ಆಸ್ಪತ್ರೆಗೆ ಕರೆದೊಯ್ದು ಇಸಿಜಿ ಮಾಡಿಸಿ.
• ಮನೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ಎಂಸಿಬಿ ಕಾಪಾಡುವುದು ವೈರಿಂಗನ್ನು. ಮನುಷ್ಯರನ್ನು ಕಾಪಾಡುವುದು ಆರ್‌ಸಿಸಿಬಿ.
• ಪುಟ್ಟ ಮಕ್ಕಳಿರುವ ಮನೆಯಲ್ಲಿ ಕೆಳಗಿನ ಪ್ಲಗ್ ಪಾಯಿಂಟ್‌ಗಳಿಗೆ ಮುಚ್ಚಳ ಹಾಕಿ.

ಒಟ್ಟಿನಲ್ಲಿ

ಶಾಕ್‌ನಿಂದ ನೆನಪು ಮರಳುತ್ತದೆ: ಸುಳ್ಳು. ಎರಡನೇ ಏಟಿನಿಂದ ಮರೆವು ಹೋಗುತ್ತದೆ: ಸುಳ್ಳು. ಕೋಮಾದಿಂದ ಒಮ್ಮೆಲೇ ಎದ್ದು ನಡೆಯುತ್ತಾರೆ: ಸಿನಿಮಾದಲ್ಲಿ ಮಾತ್ರ. ಪ್ರತಿಕ್ರಿಯಿಸದ ರೋಗಿಗೆ ಏನೂ ಕೇಳಿಸುವುದಿಲ್ಲ: ಯಾವಾಗಲೂ ಹಾಗಲ್ಲ.

ಕೂಪರ್ ಎದ್ದು ಹೊರಡುವ ತುಣುಕು ನಿಮ್ಮ ಗ್ರೂಪಿಗೆ ಬಂದರೆ ನೋಡಿ ಖುಷಿಪಡಿ. ಆದರೆ ಗ್ರೂಪಿನಲ್ಲಿ ಯಾರಾದರೂ ಐಸಿಯು ಹೊರಗೆ ಕೂತು ಕಾಯುತ್ತಿರಬಹುದು. ಅವರಿಗೆ ಆ ತುಣುಕಿಗಿಂತ ಈ ಲೇಖನ ಕಳಿಸಿ.